ತುದಿಯಲ್ಲಿ ನಿಂತವರು

ಸಾಗರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಮೊನ್ನೆ ಫೋನಿನಲ್ಲಿ ಬೇಜಾರು ಮಾಡಿಕೊಂಡ ಸಂಗತಿಗೆ ಫೋನಿನಲ್ಲೇ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ಇದು ಅಂಕಿ-ಅಳತೆಯ ಮಾತು. ಪಕ್ಕದಲ್ಲೊಂದು ಸ್ಕೇಲು, ಪೆನ್ಸಿಲ್ ಇಟ್ಟುಕೊಂಡು ನಿಧಾನವಾಗಿ ಓದಿದರೆ ಮನಸ್ಸಿಗೆ ಹತ್ತುತ್ತದೆ ಅಂತ ಕಾಗದ ಬರೆಯುತ್ತಿದ್ದೇನೆ. ಜೋಪಾನವಾಗಿ ಇಟ್ಟುಕೋ. ಕ್ಯಾಮೆರಾ ಕೈಯಲ್ಲಿರುವಷ್ಟು ದಿನ ಬೇಕಾಗುತ್ತದೆ.

ಅಜ್ಜಿಯ ಹುಟ್ಟುಹಬ್ಬಕ್ಕೆ ಎಲ್ಲರೂ ಸೇರಿದಾಗ ನೀನು ಜಗುಲಿಯ ಮೇಲೆ ಕೂರಿಸಿ, ಮೆಟ್ಟಿಲ ಮೇಲೆ ನಿಲ್ಲಿಸಿ ತೆಗೆದ ಫೋಟೋ ನನಗೆ ಬಹಳ ಇಷ್ಟವಾಗಿತ್ತು. ಬೆಳಕು ಪಕ್ಕದಿಂದ ಬಂದಿದೆ, ಯಾರೂ ಕಣ್ಣು ಮುಚ್ಚಿಲ್ಲ, ಅಜ್ಜಿ ಮೊಮ್ಮಗುವಿನ ಕೈ ಹಿಡಿದಿದ್ದಾಳೆ. ಅದನ್ನು ನೀನು ಮೊದಲೇ ಕೊಂಡಿಟ್ಟ 8×10 ಫ್ರೇಮಿಗೆ ಅಂತ ಪ್ರಿಂಟ್ ಹಾಕಿಸಿದೆ. ಬಂದ ಪ್ರಿಂಟಿನಲ್ಲಿ ಎಡತುದಿಯ ಚಿಕ್ಕಮ್ಮ ಅರ್ಧಕ್ಕರ್ಧ ಇಲ್ಲ, ಬಲತುದಿಯಲ್ಲಿ ಕಂಬಕ್ಕೆ ಒರಗಿ ನಿಂತ ಹುಡುಗನ ಒಂದು ಭುಜ ಮಾತ್ರ ಉಳಿದಿದೆ. ಕ್ಯಾಮೆರಾ ಕೆಟ್ಟಿದೆಯೋ, ಅಂಗಡಿಯವನು ಅಸಡ್ಡೆ ಮಾಡಿದನೋ ಅಂತ ನೀನು ಕೇಳಿದೆ. ಕ್ಯಾಮೆರಾ ಸರಿಯಾಗಿದೆ. ಅಂಗಡಿಯವನು ನೀನು ಹೇಳಿದ ಅಳತೆಯನ್ನೇ ಕೊಟ್ಟಿದ್ದಾನೆ. ನಿನ್ನ ಫೋಟೋದ ಆಕಾರ ಒಂದು, ನೀನು ಕೊಂಡ ಫ್ರೇಮಿನ ಆಕಾರ ಇನ್ನೊಂದು. ಇವೆರಡರ ಮಧ್ಯೆ ಏನನ್ನು ಬಿಡಬೇಕು ಎಂದು ತೀರ್ಮಾನಿಸಬೇಕಾದವಳು ನೀನು. ನೀನು ಹೇಳಲಿಲ್ಲ, ಯಂತ್ರ ತೀರ್ಮಾನಿಸಿತು. ಇಷ್ಟೇ ನಡೆದದ್ದು.

ಲೆಕ್ಕ ನೋಡು. ನಿನ್ನ ಕ್ಯಾಮೆರಾ ತೆಗೆಯುವ ಫೋಟೋ ಉದ್ದ ಮೂರು ಪಾಲು, ಅಗಲ ಎರಡು ಪಾಲು. ಇದನ್ನೇ 3:2 ಅನುಪಾತ ಅನ್ನುವುದು. ಕಂಪ್ಯೂಟರಿನಲ್ಲಿ ಫೈಲಿನ ವಿವರ ತೆಗೆದು ನೋಡಿದರೆ 6000×4000 ಪಿಕ್ಸೆಲ್ ಎಂದಿರುತ್ತದೆ. ಆರು ಸಾವಿರವನ್ನು ನಾಲ್ಕು ಸಾವಿರದಿಂದ ಭಾಗಿಸಿದರೆ ಒಂದೂವರೆ. ಈ ಒಂದೂವರೆಯನ್ನು ನೆನಪಿಟ್ಟುಕೋ. ಈಗ 8×10 ಫ್ರೇಮು. ಹತ್ತನ್ನು ಎಂಟರಿಂದ ಭಾಗಿಸಿದರೆ ಒಂದೂಕಾಲು, ಅಂದರೆ 5:4. ಎಂಟಿಂಚು ಎತ್ತರಕ್ಕೆ ನಿನ್ನ ಇಡೀ ಫೋಟೋ ಕೂರಬೇಕಾದರೆ ಹನ್ನೆರಡು ಇಂಚು ಉದ್ದ ಬೇಕು. ಫ್ರೇಮಿನಲ್ಲಿರುವುದು ಹತ್ತೇ. ಎರಡು ಇಂಚು ಹೋಗಲೇಬೇಕು. ಹನ್ನೆರಡರಲ್ಲಿ ಎರಡು ಎಂದರೆ ಚಿತ್ರದ ಆರನೆಯ ಒಂದು ಭಾಗ. ಯಂತ್ರ ಎರಡೂ ಕಡೆ ಸಮನಾಗಿ ಒಂದೊಂದು ಇಂಚು ತೆಗೆಯಿತು. ಚಿಕ್ಕಮ್ಮ ಒಂದು ಇಂಚಿನಲ್ಲಿದ್ದಳು, ಹುಡುಗ ಇನ್ನೊಂದು ಇಂಚಿನಲ್ಲಿದ್ದ.

ಹಾಗಿದ್ದರೆ ಕ್ಯಾಮೆರಾ ಮಾಡುವವರೂ ಫ್ರೇಮು ಮಾಡುವವರೂ ಒಂದೇ ಅಳತೆ ಯಾಕೆ ಇಟ್ಟುಕೊಳ್ಳಲಿಲ್ಲ ಅಂತ ನಿನಗೆ ಅನಿಸಬಹುದು. ಇದಕ್ಕೆ ಚರಿತ್ರೆಯಿದೆ. ನನಗೆ ಇಷ್ಟವಾದ ಭಾಗವೂ ಅದೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

8×10 ಎನ್ನುವುದು ಗಾಜಿನ ಪ್ಲೇಟು ಮತ್ತು ದೊಡ್ಡ ಶೀಟ್ ಫಿಲ್ಮಿನ ಕಾಲದ ಅಳತೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಫೋಟೋಗ್ರಾಫರ್ ಕರಿಬಟ್ಟೆ ಹೊದ್ದು ನೋಡುತ್ತಿದ್ದ ಕ್ಯಾಮೆರಾಗಳು ಅವು. ಅವುಗಳಲ್ಲಿ ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟೂ ಅಷ್ಟೇ ದೊಡ್ಡದು. ನೆಗೆಟಿವ್ ಮೇಲೆ ಕಾಗದ ಒತ್ತಿ ಬೆಳಕು ತೋರಿಸಿದರೆ ಆಯಿತು, ಹಿಗ್ಗಿಸುವ ಮಾತೇ ಇಲ್ಲ. 8×10 ಇಂಚಿನ ಫಿಲ್ಮಿಗೆ 8×10 ಕಾಗದ. 4×5 ಫಿಲ್ಮನ್ನು ಎರಡು ಪಟ್ಟು ಹಿಗ್ಗಿಸಿದರೂ 8×10. ನಮ್ಮ ಕಡೆಯ ಹಳೆಯ ಸ್ಟುಡಿಯೋಗಳಲ್ಲಿ ‘ಹಾಫ್ ಪ್ಲೇಟ್’, ‘ಫುಲ್ ಪ್ಲೇಟ್’ ಎಂಬ ಮಾತು ಓಡಾಡುತ್ತಿತ್ತು. ಹಾಫ್ ಪ್ಲೇಟ್ ಎಂದರೆ ನಾಲ್ಕೂಮುಕ್ಕಾಲು ಇಂಚಿಗೆ ಆರೂವರೆ, ಫುಲ್ ಪ್ಲೇಟ್ ಎಂದರೆ ಆರೂವರೆಗೆ ಎಂಟೂವರೆ. ಪ್ಲೇಟು ಹೋಗಿ ಎಷ್ಟೋ ವರ್ಷಗಳಾದ ಮೇಲೂ ಗಿರಾಕಿಗಳು ಆ ಹೆಸರಿನಲ್ಲೇ ಅಳತೆ ಕೇಳುತ್ತಿದ್ದರು. ಕ್ಯಾಮೆರಾ ಬದಲಾದಷ್ಟು ಬೇಗ ಕಾಗದ, ಕಟ್ಟು, ಗಾಜಿನ ಅಳತೆಗಳು ಬದಲಾಗುವುದಿಲ್ಲ. ಫ್ರೇಮಿನ ಅಂಗಡಿಯಲ್ಲಿ ಇವತ್ತಿಗೂ 8×10, 12×15, 16×20 ಸಾಲಾಗಿ ನೇತಾಡುತ್ತಿವೆ. ಮೂರೂ 5:4.

3:2 ಹುಟ್ಟಿದ ಕತೆ ಬೇರೆ. ಜರ್ಮನಿಯ ವೆಟ್ಸ್‌ಲಾರ್ ಎಂಬ ಊರಿನ ಲೈಟ್ಸ್ ಕಂಪನಿಯಲ್ಲಿ ಆಸ್ಕರ್ ಬಾರ್ನಾಕ್ ಎಂಬ ಕುಶಲಕರ್ಮಿ ಇದ್ದ. ಪ್ಲೇಟ್ ಕ್ಯಾಮೆರಾದ ಭಾರ ಹೊತ್ತು ಬೆಟ್ಟ ಹತ್ತುವುದು ಅವನ ಮೈಗೆ ಒಗ್ಗುತ್ತಿರಲಿಲ್ಲ. ಸಿನಿಮಾದ 35 ಮಿ.ಮೀ. ಫಿಲ್ಮನ್ನೇ ಸಣ್ಣ ಕ್ಯಾಮೆರಾದಲ್ಲಿ ಹಾಕಿ ಫೋಟೋ ತೆಗೆದರೆ ಹೇಗೆ ಎಂದು ಯೋಚಿಸಿದ. ಸಿನಿಮಾದ ಒಂದು ಚೌಕಟ್ಟು 24×18 ಮಿ.ಮೀ., ಅಂದರೆ 4:3. ಹಿಗ್ಗಿಸಿದರೆ ಸ್ಪಷ್ಟವಾಗಿ ಬರುವುದಕ್ಕೆ ಅಷ್ಟು ಸಾಲದು. ಅವನು ಎರಡು ಚೌಕಟ್ಟುಗಳನ್ನು ಅಕ್ಕಪಕ್ಕ ಸೇರಿಸಿ ಒಂದು ಮಾಡಿದ. ಹದಿನೆಂಟರ ಎರಡರಷ್ಟು ಮೂವತ್ತಾರು. 36×24. ಹೀಗೆ 3:2 ಬಂತು. 1914ರ ಹೊತ್ತಿಗೆ ಮಾದರಿ ಕ್ಯಾಮೆರಾ ತಯಾರಿತ್ತು, ನಡುವೆ ಯುದ್ಧ ಬಂದು, 1925ರಲ್ಲಿ ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ನೂರು ವರ್ಷ ದಾಟಿದೆ. ಫಿಲ್ಮು ಹೋಗಿ ಸೆನ್ಸರ್ ಬಂದರೂ ನಿನ್ನ ಕೈಯಲ್ಲಿರುವ ಕ್ಯಾಮೆರಾ ಬಾರ್ನಾಕನ ಆ ಆಕಾರವನ್ನೇ ಹೊತ್ತಿದೆ. ಆಕಾರಗಳು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೀಗೆ ದಾಟಿಕೊಂಡು ಬಂದದ್ದನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ನಡುವೆ ಚೌಕದ್ದೊಂದು ಕಾಲವಿತ್ತು. ರೋಲೈಫ್ಲೆಕ್ಸ್ ಎಂಬ ಎರಡು ಕಣ್ಣಿನ ಕ್ಯಾಮೆರಾ 1929ರಲ್ಲಿ ಬಂತು. ಎದೆಯ ಮಟ್ಟಕ್ಕೆ ಹಿಡಿದು, ತಲೆ ತಗ್ಗಿಸಿ ನೋಡಿ ತೆಗೆಯುವಂಥದ್ದು. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ ಅವರ ಹೆಸರು ನೀನು ಕೇಳಿರಬೇಕು, ಅವರು ಅದನ್ನು ಬಳಸಿದವರು. ನಮ್ಮಂಥವರ ಮನೆಗೆ ಬಂದದ್ದು ಅದರ ಬಡ ತಂಗಿ ಆಗ್ಫಾ ಕ್ಲಿಕ್ ಥ್ರೀ. ಒಂದು ರೋಲಿಗೆ ಹನ್ನೆರಡು ಫೋಟೋ, ಎಲ್ಲವೂ ಚೌಕ. ಅಜ್ಜಿಯ ಟ್ರಂಕಿನಲ್ಲಿರುವ ನಿನ್ನ ಅಪ್ಪನ ಬಾಲ್ಯದ ಫೋಟೋಗಳೆಲ್ಲ ಅಂಗೈಯಗಲದ ಚೌಕಗಳು, ನೋಡಿದ್ದೀಯಲ್ಲ.

ನಿನ್ನ ಮೊಬೈಲಿನದು 4:3. ಹಳೆಯ ಸಿನಿಮಾ, ಹಳೆಯ ಟಿವಿ, ಹಳೆಯ ಕಂಪ್ಯೂಟರ್ ಪರದೆಗಳ ಆಕಾರ ಅದು. ಇನ್ನು 16:9 ಈಗಿನ ಟಿವಿಯ ಆಕಾರ.

ಇಷ್ಟು ಗೊತ್ತಾದ ಮೇಲೆ ಅಂಗಡಿಯ ಅಳತೆಗಳನ್ನೆಲ್ಲ ನೀನೇ ಭಾಗಿಸಿ ನೋಡಬಹುದು. 4×6, 8×12, 12×18, 20×30 — ಇವೆಲ್ಲ ನಿನ್ನ ಕ್ಯಾಮೆರಾದ ಬಳಗ. ಏನೂ ಕತ್ತರಿಸದೆ ಕೂರುತ್ತವೆ. ಮದುವೆಯ ಆಲ್ಬಂ ಮಾಡುವವರು 12×36 ಅನ್ನುತ್ತಾರಲ್ಲ, ಅದರ ಒಂದೊಂದು ಪುಟವೂ 12×18, ಅದೂ ನಿನ್ನದೇ ಆಕಾರ. 6×8, 12×16 ಮೊಬೈಲಿನ ಬಳಗ. 5×7 ಯಾರದ್ದೂ ಅಲ್ಲ. ನಿನ್ನ ಕ್ಯಾಮೆರಾದ ಫೋಟೋವನ್ನು ಅದಕ್ಕೆ ಹಾಕಿದರೆ ಉದ್ದದಲ್ಲಿ ಅರ್ಧ ಇಂಚು ಹೋಗುತ್ತದೆ, ಅಷ್ಟನ್ನು ಸಾಮಾನ್ಯವಾಗಿ ತಡೆದುಕೊಳ್ಳಬಹುದು. ಮೊಬೈಲಿನ ಫೋಟೋ 4×6 ಕಾಗದಕ್ಕೆ ಹೋದಾಗ ಮೇಲೆ-ಕೆಳಗೆ ಒಂಬತ್ತರಲ್ಲಿ ಒಂದು ಭಾಗ ಹೋಗುತ್ತದೆ. ಪ್ರವಾಸದ ಫೋಟೋಗಳಲ್ಲಿ ಜನರ ನೆತ್ತಿ, ಪಾದ ಕಾಣೆಯಾಗುವುದು ಬಹುಪಾಲು ಇದರಿಂದಲೇ.

ಈಗ ನಿನ್ನ ಗೋಡೆಯ ವಿಷಯಕ್ಕೆ ಬರೋಣ.

ಜಗುಲಿಯ ಫೋಟೋ 8×10ಗೆ ಬೇಡ. ಅಷ್ಟು ಜನ ಒತ್ತಾಗಿ ನಿಂತ ಚಿತ್ರದಲ್ಲಿ ಬಿಡಲು ಜಾಗವೇ ಇಲ್ಲ. ಮೇಲೆ ಸೂರು, ಕೆಳಗೆ ಮೆಟ್ಟಿಲು, ಎರಡೂ ಬದಿಗೆ ಮನುಷ್ಯರು. ಇಲ್ಲಿ ಚಿತ್ರ ಹೇಳಿದಂತೆ ಫ್ರೇಮು ಕೇಳಬೇಕು. 8×12 ಪ್ರಿಂಟ್ ಹಾಕಿಸು, ಸುತ್ತಲೂ ಎರಡಿಂಚು ಮೌಂಟ್, ಅಂದರೆ ಬಿಳಿ ರಟ್ಟಿನ ಅಂಚು, ಬಿಡಿಸು, 12×16 ಕಟ್ಟು ಹಾಕಿಸು. ಎಂಟಕ್ಕೆ ನಾಲ್ಕು ಸೇರಿದರೆ ಹನ್ನೆರಡು, ಹನ್ನೆರಡಕ್ಕೆ ನಾಲ್ಕು ಸೇರಿದರೆ ಹದಿನಾರು. ನೋಡಿದೆಯಾ, 3:2 ಚಿತ್ರ 4:3 ಫ್ರೇಮಿನೊಳಗೆ ಒಂದು ಕೂದಲೂ ಕೊಂಕದೆ ಕೂತಿತು. ಮೌಂಟಿನ ಗುಣವೇ ಅದು. ನಾಲ್ಕೂ ಕಡೆ ಸಮ ಅಗಲದ ಅಂಚು ಬಿಟ್ಟರೆ ಹೊರಗಿನ ಆಕಾರ ಒಳಗಿನದಕ್ಕಿಂತ ಚೌಕಕ್ಕೆ ಹತ್ತಿರವಾಗುತ್ತದೆ. ಅಂಗಡಿಯಲ್ಲಿ ಸಿಗುವ ಸಿದ್ಧ ಫ್ರೇಮುಗಳು ನಮಗೆ ಒದಗಿಬರುವುದು ಈ ಕಾರಣದಿಂದ. ಸುತ್ತಲಿನ ಆ ಬಿಳಿ ಜಾಗ ದಂಡವಲ್ಲ. ಕಣ್ಣು ಗೋಡೆಯ ಬಣ್ಣ, ಕಿಟಕಿ, ಗಡಿಯಾರ ಎಲ್ಲವನ್ನೂ ಬಿಟ್ಟು ಚಿತ್ರದೊಳಗೆ ಹೋಗಲು ಅದು ದಾರಿ ಮಾಡಿಕೊಡುತ್ತದೆ. ಗಾಜಿಗೆ ಚಿತ್ರ ಅಂಟದಂತೆಯೂ ಕಾಯುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಗಾಜಿಗೆ ನೇರ ಒತ್ತಿಕೊಂಡ ಫೋಟೋ ಹೇಗೆ ಹಿಡಿದುಕೊಂಡು, ಬಿಡಿಸಲು ಹೋದರೆ ಚರ್ಮದಂತೆ ಸುಲಿದು ಬರುತ್ತದೆ ಎನ್ನುವುದನ್ನು ನಾನು ಎಷ್ಟೋ ಮನೆಗಳ ಪಟಗಳಲ್ಲಿ ಕಂಡಿದ್ದೇನೆ.

ಇಲ್ಲಿ ಒಂದು ಸಣ್ಣ ಲೆಕ್ಕವಿದೆ, ಕಟ್ಟು ಹಾಕುವವನಿಗೆ ಗೊತ್ತಿರುತ್ತದೆ, ನಿನಗೂ ಗೊತ್ತಿರಲಿ. ಮೌಂಟಿನ ಕಿಂಡಿಯನ್ನು ಸರಿಯಾಗಿ 8×12 ಕೊರೆದರೆ ಪ್ರಿಂಟು ಹಿಂದೆ ನಿಲ್ಲುವುದಿಲ್ಲ, ಜಾರುತ್ತದೆ. ನಾಲ್ಕೂ ಕಡೆ ಇಂಚಿನ ಎಂಟನೆಯ ಒಂದು ಭಾಗ ಚಿತ್ರದ ಮೇಲೆ ಹತ್ತಿ ಕೂರಬೇಕು. ಕಿಂಡಿ ಏಳೂಮುಕ್ಕಾಲಕ್ಕೆ ಹನ್ನೊಂದೂಮುಕ್ಕಾಲು ಇಂಚು ಆಗುತ್ತದೆ. ಮೌಂಟ್ ಇಲ್ಲದೆ ಹಾಗೇ ಫ್ರೇಮಿಗೆ ಸೇರಿಸಿದರೆ ಕಟ್ಟಿನ ಒಳಗಿನ ಮೆಟ್ಟಿಲು ನಾಲ್ಕೂ ಕಡೆ ಸುಮಾರು ಕಾಲಿಂಚು ನುಂಗುತ್ತದೆ. 8×10 ಎಂದು ನೀನು ಕೊಂಡ ಫ್ರೇಮಿನಲ್ಲಿ ಕಣ್ಣಿಗೆ ಕಾಣುವುದು ಏಳೂವರೆಗೆ ಒಂಬತ್ತೂವರೆ ಮಾತ್ರ. ಅಂಚೇ ಇಲ್ಲದಂತೆ ಪ್ರಿಂಟ್ ಮಾಡುವ ಯಂತ್ರಗಳು ಕಾಗದ ಪೂರ್ತಿ ತುಂಬಲಿ ಅಂತ ಚಿತ್ರವನ್ನು ಒಂಚೂರು ಹಿಗ್ಗಿಸುತ್ತವೆ, ಅಲ್ಲೂ ಒಂದಿಷ್ಟು ಅಂಚು ಹೋಗುತ್ತದೆ. ತುದಿಯಲ್ಲಿ ನಿಂತವರ ಮೇಲೆ ಹೀಗೆ ಒಂದಾದ ಮೇಲೊಂದು ಕತ್ತರಿ ಬೀಳುತ್ತದೆ. ಗುಂಪು ಫೋಟೋದಲ್ಲಿ ತುದಿಯಲ್ಲಿ ನಿಲ್ಲುವವರು ಯಾರು, ಗಮನಿಸಿದ್ದೀಯಾ? ತಡವಾಗಿ ಬಂದವರು, ಸಂಕೋಚದವರು, ಅಡುಗೆಮನೆಯಿಂದ ಕೈ ಒರೆಸಿಕೊಂಡು ಕೊನೆಗೆ ಬಂದು ಸೇರಿಕೊಂಡವರು. ಚಿಕ್ಕಮ್ಮ ಅವತ್ತು ಹೋಳಿಗೆ ಬೇಯಿಸುತ್ತಿದ್ದವಳು ಒಲೆ ಆರಿಸಿ ಬಂದು ನಿಂತಿದ್ದಳು. ಅವಳನ್ನು ಬಿಟ್ಟ ಫೋಟೋ ನಮ್ಮ ಮನೆಯ ಫೋಟೋ ಆಗುವುದಿಲ್ಲ, ಪುಟ್ಟಿ. ಇಷ್ಟು ಉದ್ದದ ಕಾಗದ ಬರೆಯಲು ನನಗೆ ಹುರುಪು ಬಂದದ್ದೂ ಅದಕ್ಕೇ.

ಇನ್ನು ಎರಡನೆಯದು, ಅಜ್ಜಿ ಒಬ್ಬಳೇ ಕಿಟಕಿಯ ಬಳಿ ಕೂತು ಹೂ ಕಟ್ಟುತ್ತಿರುವ ಚಿತ್ರ. ಇದನ್ನು ಮಾತ್ರ ಧೈರ್ಯವಾಗಿ 8×10ಗೆ ಕತ್ತರಿಸು. ಇಲ್ಲಿ ಕತ್ತರಿ ನಿನ್ನ ಗೆಳತಿ. ನೀನು ಕಳಿಸಿದ ಚಿತ್ರದಲ್ಲಿ ಬಲಗಡೆ ಸ್ವಿಚ್‌ಬೋರ್ಡ್ ಇದೆ, ಅದರ ಪಕ್ಕ ಬ್ಯಾಂಕಿನ ಕ್ಯಾಲೆಂಡರಿನ ಅರ್ಧ ಇದೆ. ಅವೆರಡೂ ಆ ಎರಡು ಇಂಚಿನಲ್ಲೇ ಇವೆ. ಯಂತ್ರ ಎರಡೂ ಕಡೆ ಸಮ ಕತ್ತರಿಸಿದರೆ ಅರ್ಧ ಸ್ವಿಚ್‌ಬೋರ್ಡ್ ಉಳಿದು, ಎಡಗಡೆಯ ಕಿಟಕಿಯ ಬೆಳಕು ಹೋಗುತ್ತದೆ. ನೀನೇ ಕತ್ತರಿಸಿದರೆ ಎರಡೂ ಇಂಚನ್ನು ಬಲಗಡೆಯಿಂದಲೇ ತೆಗೆಯುತ್ತೀ. ಮುಖ, ಕೈ, ಹೂವಿನ ಬುಟ್ಟಿ, ಕಿಟಕಿ ಎಲ್ಲ ಉಳಿಯುತ್ತವೆ. ಒಬ್ಬರೇ ಕೂತ ಚಿತ್ರಕ್ಕೆ 5:4 ಆಕಾರ ಚೆನ್ನಾಗಿ ಒಪ್ಪುತ್ತದೆ ಎನ್ನುವುದು ನನ್ನ ಅಭಿಪ್ರಾಯ. ಹಳೆಯ ಸ್ಟುಡಿಯೋಗಳ ಪಟಗಳಿಗೆ ಒಂದು ಗಾಂಭೀರ್ಯ ಕಾಣುವುದರಲ್ಲಿ ಆ ಗಿಡ್ಡ ಆಯತಕ್ಕೂ ಪಾಲಿದೆ.

ಕತ್ತರಿಸುವುದನ್ನು ಕಂಪ್ಯೂಟರಿನಲ್ಲಿ ಶುರು ಮಾಡಬೇಡ. ಮೊದಲು ಒಂದು 4×6 ಪ್ರಿಂಟ್ ತೆಗೆಸು. ಮನೆಯಲ್ಲಿರುವ ಗಟ್ಟಿ ರಟ್ಟಿನಿಂದ, ಮದುವೆ ಕರೆಯೋಲೆಯದಾದರೂ ಸರಿ, ‘ಎಲ್’ ಆಕಾರದ ಎರಡು ತುಂಡು ಕತ್ತರಿಸಿಕೋ. ಒಂದೊಂದು ತೋಳೂ ಒಂದು ಇಂಚು ಅಗಲ, ಏಳಿಂಚು ಉದ್ದ ಇರಲಿ. ಅಂಚು ಬ್ಲೇಡಿನಿಂದ ನೇರವಾಗಿ ಬರಬೇಕು. ಒಂದನ್ನು ಚಿತ್ರದ ಎಡ-ಕೆಳ ಮೂಲೆಗೆ, ಇನ್ನೊಂದನ್ನು ತಿರುಗಿಸಿ ಬಲ-ಮೇಲಿನ ಮೂಲೆಗೆ ಇಡು. ನಡುವೆ ಕಿಂಡಿಯಾಗುತ್ತದೆ. ಮೇಲಿನ ರಟ್ಟನ್ನು ಮೆಲ್ಲಗೆ ಎಡಕ್ಕೆ ಜಾರಿಸು. ಸ್ವಿಚ್‌ಬೋರ್ಡ್ ಮರೆಯಾಯಿತು, ಕ್ಯಾಲೆಂಡರ್ ಮರೆಯಾಯಿತು, ಈಗ ಅಜ್ಜಿಯ ಕೈ ಕಿಂಡಿಯ ಅಂಚಿಗೆ ತಾಗುತ್ತಿದೆ, ನಿಲ್ಲಿಸು. ಒಂದು ಎಳೆ ಹಿಂದಕ್ಕೆ ಬಾ. ನಾಲ್ಕು ಇಂಚು ಎತ್ತರಕ್ಕೆ ಐದು ಇಂಚು ಉದ್ದ ಉಳಿದಿದೆಯೇ, ಸ್ಕೇಲಿಟ್ಟು ನೋಡು. ಡಾರ್ಕ್‌ರೂಮಿನಲ್ಲಿ ನಮಗೆ ಈಸೆಲ್ ಎಂಬ ಸಾಧನವಿತ್ತು. ನಾಲ್ಕು ತಗಡಿನ ಪಟ್ಟಿಗಳನ್ನು ಬೇಕಾದಂತೆ ಸರಿಸಿ ಕಾಗದವನ್ನು ಹಿಡಿಯುವಂಥದ್ದು. ಎನ್‌ಲಾರ್ಜರ್‌ನ ಬೆಳಕಿನಲ್ಲಿ ಚಿತ್ರದ ಅಂಚು ಆ ಪಟ್ಟಿಗಳ ಮೇಲೆ ಹರಿದಾಡುವುದನ್ನು ನೋಡುತ್ತಲೇ ನಾನು ಈ ವಿದ್ಯೆ ಕಲಿತದ್ದು. ಪರದೆಯ ಮೇಲೆ ಕ್ರಾಪ್ ಗೆರೆ ಎಳೆಯುವಾಗ ಕೈ ಅವಸರ ಮಾಡುತ್ತದೆ. ರಟ್ಟು ಜಾರಿಸುವಾಗ ಕಣ್ಣು ನಿಲ್ಲುತ್ತದೆ.

ಮನುಷ್ಯರನ್ನು ಕತ್ತರಿಸಬೇಕಾಗಿ ಬಂದಾಗ ಕೀಲಿನಲ್ಲಿ ಕತ್ತರಿಸಬೇಡ. ಮಣಿಕಟ್ಟು, ಮೊಣಕೈ, ಮಂಡಿ, ಹಿಮ್ಮಡಿಯ ಗಂಟಿನಲ್ಲಿ ಚಿತ್ರ ಮುಗಿದರೆ ಅಂಗ ಕಡಿದಂತೆ ಕಾಣುತ್ತದೆ. ತೊಡೆಯ ನಡುವೆ, ತೋಳಿನ ನಡುವೆ ಮುಗಿಯಲಿ. ಅವರು ನೋಡುತ್ತಿರುವ ಕಡೆ ಸ್ವಲ್ಪ ಹೆಚ್ಚು ಜಾಗ ಬಿಡು. ಅಜ್ಜಿಯ ನೋಟ ಹೂವಿನ ಮೇಲಿದೆ, ಆದ್ದರಿಂದ ಕೆಳಗೆ ಜಾಗ ಬೇಕು, ನೆತ್ತಿಯ ಮೇಲೆ ಅಷ್ಟು ಬೇಡ.

ಕತ್ತರಿಸುವುದೇ ತಪ್ಪು ಅನ್ನುವವರೂ ಇದ್ದಾರೆ. ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸ್ಸೋಂ ತನ್ನ ಫೋಟೋಗಳನ್ನು ಇಡಿಯಾಗಿಯೇ ಪ್ರಿಂಟ್ ಮಾಡಬೇಕೆಂದು ಪಟ್ಟು ಹಿಡಿಯುತ್ತಿದ್ದ. ಕ್ಲಿಕ್ ಮಾಡುವ ಗಳಿಗೆಯಲ್ಲೇ ಚೌಕಟ್ಟು ತೀರ್ಮಾನವಾಗಬೇಕು ಎನ್ನುವುದು ಅವನ ಶಿಸ್ತು. ಆದರೆ ಪ್ಯಾರಿಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ ನೀರಿನ ಮೇಲೆ ಹಾರುತ್ತಿರುವ ಮನುಷ್ಯನ ಅವನ ಪ್ರಖ್ಯಾತ ಫೋಟೋ, 1932ರದ್ದು, ಕತ್ತರಿಸಿದ್ದೇ. ಬೇಲಿಯ ಸಂದಿನಲ್ಲಿ ಲೆನ್ಸ್ ತೂರಿಸಿ ತೆಗೆದದ್ದರಿಂದ ಒಂದು ಬದಿಗೆ ಹಲಗೆ ಬಂದುಬಿಟ್ಟಿತ್ತು. ಅಮೆರಿಕದ ಆರ್ನಲ್ಡ್ ನ್ಯೂಮನ್ 1946ರಲ್ಲಿ ಸಂಗೀತಗಾರ ಸ್ಟ್ರವಿನ್‌ಸ್ಕಿಯನ್ನು ಪಿಯಾನೋ ಜೊತೆ ತೆಗೆದ ಫೋಟೋವಂತೂ ಕತ್ತರಿಸಿಯೇ ಹುಟ್ಟಿತು. ಮೂಲ ನೆಗೆಟಿವಿನಲ್ಲಿ ಕೋಣೆ ಸಾಕಷ್ಟಿದೆ. ಅವನು ಅದನ್ನೆಲ್ಲ ತೆಗೆದು, ಸಂಗೀತಗಾರನನ್ನು ಎಡಮೂಲೆಯಲ್ಲಿ ಪುಟ್ಟದಾಗಿ ಕೂರಿಸಿ, ಪಿಯಾನೋದ ಕಪ್ಪು ಮುಚ್ಚಳವನ್ನು ಚಿತ್ರದ ತುಂಬ ನಿಲ್ಲಿಸಿದ. ಟೀ ಶರ್ಟುಗಳ ಮೇಲೆ ನೀನು ನೋಡುವ ಚೆ ಗೆವಾರನ ಮುಖವೂ ಅಷ್ಟೇ. ಅಲ್ಬೆರ್ತೋ ಕೋರ್ದಾ 1960ರ ಮಾರ್ಚ್ 5ರಂದು ಹವಾನಾದಲ್ಲಿ ತೆಗೆದ ಆ ಅಡ್ಡ ಫೋಟೋದಲ್ಲಿ ಒಂದು ಬದಿಗೆ ಇನ್ನೊಬ್ಬನ ಮುಖವಿತ್ತು, ಇನ್ನೊಂದು ಬದಿಗೆ ತಾಳೆಗರಿ ಇತ್ತು. ಎರಡನ್ನೂ ತೆಗೆದು ಲಂಬವಾಗಿ ಮಾಡಿದ. ಈ ಮೂವರೂ ಕತ್ತರಿಯನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡವರು. ನಾನು ಕಾರ್ತಿಯೆ-ಬ್ರೆಸ್ಸೋಂನ ಶಿಸ್ತನ್ನು ಗೌರವಿಸುತ್ತೇನೆ, ಕೆಲಸ ಮಾತ್ರ ನ್ಯೂಮನ್‌ನಂತೆ ಮಾಡುತ್ತೇನೆ.

ಜೋಗದ ಫೋಟೋಗೆ ಯಾವ ಆಕಾರ ಅಂತಲೂ ಕೇಳಿದ್ದೆ. ಅಡ್ಡಡ್ಡ ತೆಗೆದ ಆ ಚಿತ್ರದಲ್ಲಿ ಎಡದಿಂದ ರಾಜಾ, ರೋರರ್, ರಾಕೆಟ್, ರಾಣಿ ನಾಲ್ಕೂ ಇವೆ. 8×10 ಮಾಡಿದರೆ ರಾಜಾ ಅಥವಾ ರಾಣಿ ಅಂಚಿಗೆ ತಾಗಿ ಉಸಿರು ಕಟ್ಟುತ್ತದೆ. ಅದನ್ನು 12×18 ಇಡಿಯಾಗಿ ಹಾಕಿಸು. ರಾಜಾ ಒಂದನ್ನೇ ಉದ್ದುದ್ದ ತೆಗೆದದ್ದೂ ಇದೆಯಲ್ಲ, ಅದನ್ನೂ ಕತ್ತರಿಸಬೇಡ. 253 ಮೀಟರ್ ಬೀಳುವ ನೀರಿಗೆ ಉದ್ದನೆಯ ಆಕಾರ ಬೇಕು. ಗಿಡ್ಡ ಮಾಡಿದರೆ ಬೀಳುವ ದೂರವೇ ಕಡಿಮೆಯಾದಂತೆ ಕಾಣುತ್ತದೆ. ಶ್ರವಣಬೆಳಗೊಳದ ಗೊಮ್ಮಟನ ಮುಂದೆ ನಿಂತಾಗಲೂ ಇದೇ ನೆನಪಿರಲಿ.

ಯಕ್ಷಗಾನದ ಫೋಟೋ ಮಾತ್ರ ನನಗೆ ಸಂಕಟ ತಂದಿತು. ಎರಡು ವೇಷಗಳು ರಂಗದ ಎರಡು ತುದಿಯಲ್ಲಿ ಎದುರುಬದುರಾಗಿವೆ, ಹಿಂದೆ ಭಾಗವತರು, ಎಷ್ಟು ಒಳ್ಳೆಯ ಗಳಿಗೆ ಹಿಡಿದಿದ್ದೀಯ. ಆದರೆ ಮೊಬೈಲನ್ನು 16:9ಕ್ಕೆ ಇಟ್ಟಿದ್ದೆ. ಹಾಗೆ ಇಟ್ಟರೆ ಹೆಚ್ಚು ಅಗಲ ಸಿಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಸಿಗುವುದು ಅಷ್ಟೇ ಅಗಲ, ಹೋಗುವುದು ಎತ್ತರ. 4032×3024 ಪಿಕ್ಸೆಲ್ ಇದ್ದದ್ದು 4032×2268 ಆಗುತ್ತದೆ. ನಾಲ್ಕರಲ್ಲಿ ಒಂದು ಪಾಲು ಕ್ಲಿಕ್ ಮಾಡುವ ಮೊದಲೇ ಹೋಯಿತು. ಕಿರೀಟದ ತುದಿ ಕಾಣದಿರುವುದು ಅದಕ್ಕೇ. ಇನ್ನು ಅದನ್ನು 8×10ಗೆ ಹಾಕಿದರೆ ನೂರಕ್ಕೆ ಮೂವತ್ತರಷ್ಟು ಮತ್ತೆ ಹೋಗುತ್ತದೆ, ಎರಡು ವೇಷಗಳಲ್ಲಿ ಒಂದು ಉಳಿಯುವುದೂ ಕಷ್ಟ. ಅದಕ್ಕೆ 16×9 ಇಂಚಿನ ಚಿತ್ರವನ್ನೇ ಒಂದು 12×18 ಕಾಗದದಲ್ಲಿ ಬಿಳಿ ಅಂಚು ಬಿಟ್ಟು ಪ್ರಿಂಟ್ ಹಾಕಿಸಿ, ಎರಡಿಂಚು ಮೌಂಟಿನೊಂದಿಗೆ 20×13 ಕಟ್ಟು ಮಾಡಿಸು. ಕಟ್ಟು ಹಾಕುವವನು ಯಾವ ಅಳತೆಗಾದರೂ ಪಟ್ಟಿ ಕೊಯ್ದು ಕೊಡುತ್ತಾನೆ, ಸಿದ್ಧ ಅಳತೆಗೆ ನೀನು ಕಟ್ಟುಬೀಳಬೇಕಾಗಿಲ್ಲ. ಇವತ್ತೇ ಮೊಬೈಲನ್ನು 4:3ಕ್ಕೆ ಹಿಂದಿರುಗಿಸಿಡು. ಅಗಲ ಬೇಕಾದರೆ ಆಮೇಲೆ ಕತ್ತರಿಸಿಕೊಳ್ಳಬಹುದು.

ಅಂಗಡಿಗೆ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸುವುದನ್ನೂ ಬಿಡು. ಸುಮ್ಮನೆ ಫೋಟೋ ಅಂತ ಕಳಿಸಿದರೆ ಅದು ಉದ್ದದಲ್ಲಿ ಸಾವಿರದಾರುನೂರು ಪಿಕ್ಸೆಲ್ಲಿನ ಆಸುಪಾಸಿಗೆ ಕುಗ್ಗುತ್ತದೆ. ಒಳ್ಳೆಯ ಪ್ರಿಂಟಿಗೆ ಇಂಚಿಗೆ ಮುನ್ನೂರು ಪಿಕ್ಸೆಲ್ ಇದ್ದರೆ ಚೆಂದ, ಇನ್ನೂರಾದರೂ ಬೇಕು. ಹದಿನಾರು ಇಂಚಿಗೆ ಸಾವಿರದಾರುನೂರು ಹಂಚಿದರೆ ಇಂಚಿಗೆ ನೂರೇ. ಪೆನ್‌ಡ್ರೈವ್‌ನಲ್ಲಿ ಮೂಲ ಫೈಲು ಒಯ್ಯಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸು. ನಿನ್ನ ಕ್ಯಾಮೆರಾದ ಫೋಟೋ 5:4ಕ್ಕೆ ಕತ್ತರಿಸಿದ ಮೇಲೂ 5000×4000 ಉಳಿಯುತ್ತದೆ, ಅದಕ್ಕೆ ಭಯವಿಲ್ಲ.

ಕ್ರಾಪ್ ಮಾಡಲು ಸ್ನ್ಯಾಪ್‌ಸೀಡ್, ಗಿಂಪ್ ಯಾವುದಾದರೂ ಸಾಕು. ಅನುಪಾತವನ್ನು 5:4 ಅಥವಾ 3:2 ಅಂತ ಬೀಗ ಹಾಕಿಕೊಂಡು ಗೆರೆ ಎಳೆ, ಬೇರೆ ಹೆಸರಿನಲ್ಲಿ ಉಳಿಸು. ಮೂಲ ಫೈಲಿನ ಮೇಲೆ ಎಂದೂ ಉಳಿಸಬೇಡ. ಅಂಗಡಿಯಲ್ಲಿ ಒಂದು ಮಾತು ಬಾಯಿಬಿಟ್ಟು ಹೇಳು: ‘ನಾನು ಅಳತೆಗೆ ಕತ್ತರಿಸಿಯೇ ತಂದಿದ್ದೇನೆ, ನೀವು ಕ್ರಾಪ್ ಮಾಡಬೇಡಿ, ಎಳೆದು ಕೂರಿಸಲೂ ಬೇಡಿ.’ ಎಳೆದು ಕೂರಿಸುವುದು ಕತ್ತರಿಸುವುದಕ್ಕಿಂತ ಕೆಟ್ಟದ್ದು. ಯಾರೂ ಹೋಗುವುದಿಲ್ಲ ನಿಜ, ಆದರೆ ಎಲ್ಲರ ಮುಖವೂ ಬದಲಾಗುತ್ತದೆ. ಅಜ್ಜಿಯ ಬಡಕಲು ಮುಖ ಎತ್ತರಕ್ಕೆ ಎಳೆದಂತಾದರೆ ಅವಳು ಅವಳಾಗಿ ಉಳಿಯುವುದಿಲ್ಲ.

ಮುಂದಿನ ಸಲ ಜನರನ್ನು ನಿಲ್ಲಿಸುವಾಗ ಎರಡು ಹೆಜ್ಜೆ ಹಿಂದಕ್ಕೆ ಹೋಗು. ತುದಿಯಲ್ಲಿ ನಿಂತವರ ಆಚೆಗೂ ಒಬ್ಬರು ನಿಲ್ಲುವಷ್ಟು ಜಾಗ ಎರಡೂ ಬದಿಗೆ ಇರಲಿ. ಆಗ ಅದೇ ಚಿತ್ರದಿಂದ 8×12 ಕೂಡ ಬರುತ್ತದೆ, 8×10 ಕೂಡ ಬರುತ್ತದೆ. ಜನ ಹೆಚ್ಚಿದ್ದರೆ ಒಂದೇ ಸಾಲು ಬೇಡ, ಎರಡು ಮೂರು ಸಾಲು ಮಾಡು. ಸಾಲು ಹೆಚ್ಚಿದಷ್ಟೂ ಗುಂಪು ಚೌಕಕ್ಕೆ ಹತ್ತಿರವಾಗುತ್ತದೆ, ಯಾವ ಫ್ರೇಮಿಗಾದರೂ ಒಗ್ಗುತ್ತದೆ. ನಿನ್ನ ಕ್ಯಾಮೆರಾದ ಮೆನುವಿನಲ್ಲಿ ಪರದೆಯ ಮೇಲೆ ಗೆರೆ ತೋರಿಸುವ ಸೌಲಭ್ಯ ಇರುತ್ತದೆ, ಹಾಕಿಕೋ. ಒಂಟಿ ಚಿತ್ರಗಳಿಗೆ ಇಷ್ಟು ಜಾಗ ಬಿಡುವ ಅಗತ್ಯವಿಲ್ಲ. ಅಲ್ಲಿ ನೀನು ಕಂಡಂತೆಯೇ ತೆಗೆ.

ಕಟ್ಟು ಹಾಕುವವನಿಗೆ ಇನ್ನೂ ಎರಡು ಮಾತು ಹೇಳಬೇಕು. ಪ್ರಿಂಟಿನ ಹಿಂದೆ ಪೂರ್ತಿ ಗೋಂದು ಬಳಿಯದೆ, ಮೇಲಿನ ಅಂಚಿಗೆ ಮಾತ್ರ ಟೇಪಿನಿಂದ ನೇತುಹಾಕಲಿ. ಕಾಗದ ಹವೆಗೆ ಹಿಗ್ಗಿ ಕುಗ್ಗಲು ಬಿಡುವು ಬೇಕು. ಮೌಂಟ್ ಬೋರ್ಡು ಆಮ್ಲವಿಲ್ಲದ್ದು ಸಿಕ್ಕರೆ ಅದನ್ನೇ ಕೇಳು, ಇಲ್ಲವಾದರೆ ವರ್ಷಗಳ ಮೇಲೆ ಕಿಂಡಿಯ ಸುತ್ತ ಹಳದಿ ಗೆರೆ ಬರುತ್ತದೆ. ಬಿಸಿಲು ಬೀಳುವ ಗೋಡೆಗೆ ತೂಗಬೇಡ.

ಇಷ್ಟಾದ ಮೇಲೆ ನೀನು ಕೊಂಡ ಮೂರು 8×10 ಫ್ರೇಮುಗಳಲ್ಲಿ ಅಜ್ಜಿಯ ಚಿತ್ರಕ್ಕೆ ಒಂದು ಹೋಯಿತು. ಎರಡನೆಯದಕ್ಕೆ ಜಗುಲಿಯ ಮೆಟ್ಟಿಲ ಮೇಲೆ ಬೆಕ್ಕು ಮಲಗಿರುವ ಚಿತ್ರ ಹಾಕು. ಏಳೂವರೆಗೆ ಐದು ಇಂಚಿನ ಪ್ರಿಂಟ್, ಬದಿಗಳಲ್ಲಿ ಒಂದೂಕಾಲು ಇಂಚು, ಮೇಲೆ-ಕೆಳಗೆ ಒಂದೂವರೆ ಇಂಚು ಮೌಂಟ್ ಬಿಟ್ಟರೆ ಕತ್ತರಿಸದೆ ಕೂರುತ್ತದೆ. ಮೂರನೆಯದಕ್ಕೆ ನಾನು ಕಳಿಸುತ್ತೇನೆ. ಟ್ರಂಕಿನಲ್ಲಿ ಕ್ಲಿಕ್ ಥ್ರೀ ನೆಗೆಟಿವುಗಳ ಲಕೋಟೆ ಸಿಕ್ಕಿದೆ, ನಿನ್ನ ಅಪ್ಪ ಮೊದಲ ದಿನ ಶಾಲೆಗೆ ಹೊರಟದ್ದು ಅದರಲ್ಲಿದೆ. ಚೌಕದ್ದು. ಫ್ರೇಮನ್ನು ಉದ್ದುದ್ದ ಹಿಡಿದು, 6×6 ಪ್ರಿಂಟಿಗೆ ಬದಿಗಳಲ್ಲಿ ಒಂದೊಂದು ಇಂಚು, ಮೇಲೆ ಒಂದೂಮುಕ್ಕಾಲು, ಕೆಳಗೆ ಎರಡೂಕಾಲು ಬಿಡಿಸು. ಕೆಳಗೆ ತುಸು ಹೆಚ್ಚಿದ್ದರೆ ಚಿತ್ರ ಜಾರಿದಂತೆ ಕಾಣುವುದಿಲ್ಲ. ಸ್ಕ್ಯಾನ್ ಮಾಡಿಸಿ ಈ ವಾರದಲ್ಲೇ ಪೆನ್‌ಡ್ರೈವ್ ಕೊರಿಯರ್ ಮಾಡುತ್ತೇನೆ. ಜಗುಲಿಯ ಫೋಟೋದ್ದು ಎರಡು ಪ್ರಿಂಟ್ ಹಾಕಿಸು, ಒಂದು ಚಿಕ್ಕಮ್ಮನಿಗೆ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ